ಒಂದು ತಾಸಿನ ತವರು

ನಮ್ಮ ಅಪ್ಪ ಧಾರವಾಡದಲ್ಲಿ ಪ್ರಾಥಮಿಕ ಶಾಲೆಯ ಮಾಸ್ತರರಾಗಿದ್ದರು. ಭೂಗೋಳವೆಂದರೆ ಅವರಿಗೆ ಪ್ರಾಣ. ನಮ್ಮ ಮನೆಯ ಪಡಸಾಲೆಯಲ್ಲಿ ದೇವರ ಫೋಟೋಗಳ ಸಾಲಿನ ಪಕ್ಕದಲ್ಲೇ ಕರ್ನಾಟಕದ ದೊಡ್ಡದೊಂದು ನಕಾಶೆ ತೂಗುತ್ತಿತ್ತು. ಅವ್ವ ದೀಪ ಹಚ್ಚಿ ದೇವರಿಗೆ ಕೈ ಮುಗಿಯುವಾಗ ನಕಾಶೆಗೂ ಒಂದು ನಮಸ್ಕಾರ ಸಿಕ್ಕೇ ಸಿಗುತ್ತಿತ್ತು ಎಂದು ನಾವು ಮಕ್ಕಳು ನಗುತ್ತಿದ್ದೆವು.

1988ರಲ್ಲಿ ನನ್ನ ಮದುವೆ ಗೊತ್ತಾಯಿತು. ವರ ನಮ್ಮ ಕಡೆಯವರೇ. ಆದರೆ ಕೆಲಸ ಮಂಗಳೂರಿನ ಬ್ಯಾಂಕೊಂದರಲ್ಲಿ. ಮನೆತನ ಚಲೋ, ಹುಡುಗ ಚಲೋ ಎಂದು ಎಲ್ಲರೂ ಒಪ್ಪಿದರೂ ಅವ್ವನಿಗೆ ಮಾತ್ರ ಒಂದೇ ಚಿಂತೆ. "ಎಷ್ಟ ದೂರ ಐತ್ರಿ ಅದು?" ಎಂದು ದಿನಕ್ಕೆ ನಾಲ್ಕು ಸಲ ಅಪ್ಪನನ್ನು ಕೇಳುತ್ತಿದ್ದಳು. ಒಂದು ಸಂಜೆ ಅಪ್ಪ ಅವಳ ಹೊಲಿಗೆಯ ಡಬ್ಬಿಯಿಂದ ಕರಿ ದಾರ ತೆಗೆದುಕೊಂಡು ನಕಾಶೆಯ ಮುಂದೆ ನಿಂತರು. ದಾರದ ಒಂದು ತುದಿಯನ್ನು ಧಾರವಾಡದ ಚುಕ್ಕೆಯ ಮೇಲೆ ಹಿಡಿದು ಇನ್ನೊಂದನ್ನು ಮಂಗಳೂರಿನವರೆಗೆ ಬಿಗಿಯಾಗಿ ಎಳೆದು, ನಕಾಶೆಯ ಕೆಳಗಿದ್ದ ಅಳತೆಪಟ್ಟಿಗೆ ಹಚ್ಚಿ ನೋಡಿದರು. "ನೋಡ, ಮುನ್ನೂರು ಕಿಲೋಮೀಟರ್ ಸುದ್ದಾ ಇಲ್ಲ. ಇದು ಗಿಣಿ ಹಾರೋ ಹಾದಿ" ಎಂದರು. ಆಮೇಲೆ ಅದೇ ದಾರವನ್ನು ಕಲಘಟಗಿ, ಯಲ್ಲಾಪುರ, ಅಂಕೋಲಾಕ್ಕೆ ಇಳಿಸಿ, ಅಲ್ಲಿಂದ ಕುಮಟಾ, ಹೊನ್ನಾವರ, ಭಟ್ಕಳ, ಕುಂದಾಪುರ, ಉಡುಪಿ ಎಂದು ಸಮುದ್ರದ ದಂಡೆಗುಂಟ ಬಳಸಿಕೊಂಡು ಹೋದರು. ದಾರ ಸಾಲಲಿಲ್ಲ. ಎಪ್ಪತ್ತು ಎಂಬತ್ತು ಕಿಲೋಮೀಟರ್ ಹೆಚ್ಚೇ ಬೇಕಾಯಿತು. "ಇದು ಗಾಡಿ ಹಾದಿ" ಎಂದರು ಅಪ್ಪ.

ಅವ್ವ ಎರಡೂ ಅಳತೆಗಳನ್ನು ಕೇಳಿಸಿಕೊಂಡು, "ನನ್ನ ಮಗಳೇನ ಗಿಣಿ ಅಲ್ಲಲ್ರಿ" ಎಂದು ಒಳಗೆ ಹೋದಳು. ಅಂದಿನಿಂದ ನಮ್ಮ ಮನೆಯಲ್ಲಿ ಗಿಣಿ ಹಾದಿ, ಗಾಡಿ ಹಾದಿ ಎಂಬ ಎರಡು ಮಾತು ಉಳಿದುಕೊಂಡವು. ನನಗೆ ಮಾತ್ರ ಮೂವತ್ತು ವರ್ಷ ಗಾಡಿಯ ಹಾದಿಯೇ ಗಟ್ಟಿಯಾಯಿತು.

ಆ ಬಸ್ಸಿನ ಪ್ರಯಾಣವನ್ನು ಏನೆಂದು ಹೇಳಲಿ! ಸಂಜೆ ಏಳಕ್ಕೆ ಮಂಗಳೂರಿನಲ್ಲಿ ಹತ್ತಿದರೆ ಬೆಳಗಿನ ಆರಕ್ಕೆ ಊರು. ಹನ್ನೊಂದು ತಾಸು. ಕಿಟಕಿ ಸರಿಯಾಗಿ ಮುಚ್ಚದ ಸೀಟೇ ನನಗೆ ಸಿಗಬೇಕೆಂದು ಯಾರೋ ಹಣೆಯಲ್ಲಿ ಬರೆದಿದ್ದರೋ ಏನೋ. ನದಿಗಳನ್ನು ಎಣಿಸುವುದು ನನ್ನ ಅಭ್ಯಾಸ. ಹೊನ್ನಾವರದಲ್ಲಿ ಶರಾವತಿಯ ಉದ್ದನೆಯ ಸೇತುವೆ ಬಂದಾಗ ಅರ್ಧ ದಾರಿ ಮುಗಿಯಿತೆಂದು ಸಮಾಧಾನ. ಅಘನಾಶಿನಿ ದಾಟಿದೆವು, ಗಂಗಾವಳಿ ದಾಟಿದೆವು. ಅಂಕೋಲಾದಲ್ಲಿ ಬಸ್ಸು ಸಮುದ್ರಕ್ಕೆ ಬೆನ್ನು ಹಾಕಿ ಬಲಕ್ಕೆ ಹೊರಳಿತೆಂದರೆ ಅರಬೈಲ್ ಘಟ್ಟ. ಮಗ ಸಣ್ಣವನಿದ್ದಾಗ ಸರಿಯಾಗಿ ಅಲ್ಲಿಯೇ ವಾಂತಿ ಮಾಡಿಕೊಳ್ಳುತ್ತಿದ್ದ. ಲಿಂಬೆಹಣ್ಣು, ಪ್ಲಾಸ್ಟಿಕ್ ಚೀಲ, ಒದ್ದೆ ಟವೆಲ್ಲು ಎಲ್ಲ ಕೈಗೆ ಸಿಗುವ ಹಾಗೆ ಇಟ್ಟುಕೊಂಡೇ ಕೂರುತ್ತಿದ್ದೆ. ಘಟ್ಟ ಹತ್ತಿ ಯಲ್ಲಾಪುರ ದಾಟಿದ ಮೇಲೆ ಗಾಳಿಯೇ ಬೇರೆ. ಬೆವರು ಆರಿ ಮೈ ಹಗುರಾಗುತ್ತಿತ್ತು. ಕಲಘಟಗಿಯ ಹತ್ತಿರ ಹೊಲಗಳು ಕಂಡರೆ ಸಾಕು, ಅವ್ವನ ಅಡಿಗೆಮನೆಯ ಹೊಗೆಯೇ ಮೂಗಿಗೆ ಬಡಿದಂತೆ.

ಇಷ್ಟು ಕಷ್ಟಪಟ್ಟು ಹೋದವಳು ಎರಡು ದಿನ ಇದ್ದು ಬರುತ್ತಾಳೆಯೆ? ಬೇಸಿಗೆ ರಜೆಯಲ್ಲಿ ತಿಂಗಳು, ದೀಪಾವಳಿಗೆ ಎಂಟು ದಿನ. ಮೊದಲ ಎರಡು ದಿನ ಬಸ್ಸಿನ ದಣಿವು ಆರಿಸಿಕೊಳ್ಳಲಿಕ್ಕೇ ಬೇಕಾಗುತ್ತಿತ್ತು. ಮೂರನೆಯ ದಿನ ಅವ್ವ ನನ್ನ ತಲೆಗೆ ಎಣ್ಣೆ ಹಚ್ಚಿ ಎರೆಯುತ್ತಿದ್ದಳು. ನಾಲ್ಕನೆಯ ದಿನದಿಂದ ನಿಜವಾದ ಮಾತು ಶುರು. ಹೆಣ್ಣುಮಕ್ಕಳಿಗೆ ಗೊತ್ತು, ಬಂದ ದಿನವೇ ಯಾರೂ ಮನಸ್ಸು ಬಿಚ್ಚುವುದಿಲ್ಲ. ಬಂದ ದಿನ "ಆರಾಮ ಇದ್ದೀ?", "ಆರಾಮ ಇದ್ದೀನವಾ" ಅಷ್ಟೇ. ಒಳಗಿನದು ಹೊರಗೆ ಬರಬೇಕಾದರೆ ಜೊತೆಗೆ ಕುಳಿತು ಒಂದಿಷ್ಟು ಕಾಳು ಆರಿಸಬೇಕು, ಸೊಪ್ಪು ಸೋಸಬೇಕು, ಮಧ್ಯಾಹ್ನ ಒಂದೇ ಚಾಪೆಯ ಮೇಲೆ ಮಲಗಬೇಕು. ಹೊರಡುವ ದಿನ ಅವ್ವನ ಬುತ್ತಿ. ಖಡಕ್ ರೊಟ್ಟಿಯ ಗಂಟು, ಗುರೆಳ್ಳು ಚಟ್ನಿ, ಶೇಂಗಾ ಚಟ್ನಿ, ಉಪ್ಪಿನಕಾಯಿ ಭರಣಿ, ಎರಡು ಹೊತ್ತಿಗಾಗುವಷ್ಟು ಚಪಾತಿ ಮತ್ತು ಮೊಸರನ್ನ. ಮಂಗಳೂರು ಅವಳ ಲೆಕ್ಕದಲ್ಲಿ ಎರಡು ಹೊತ್ತಿನ ಊಟದಷ್ಟು ದೂರ.

ಆ ದೂರ ನಿಜಕ್ಕೂ ಎಷ್ಟೆಂದು ತಿಳಿದದ್ದು 1996ರ ಆಗಸ್ಟಿನಲ್ಲಿ. ಮಧ್ಯಾಹ್ನ ನಮ್ಮವರ ಬ್ಯಾಂಕಿಗೆ ತಮ್ಮನ ಫೋನು ಬಂತು. "ಅಪ್ಪಗ ಆರಾಮಿಲ್ಲ, ಅಕ್ಕನ್ನ ಕಳಸ್ರಿ." ಅಂದಿನ ಸಂಜೆಯ ಬಸ್ಸು ಹತ್ತಿದೆವು. ಜೋರು ಮಳೆ. ಅರಬೈಲ್ ಘಟ್ಟದಲ್ಲಿ ಲಾರಿಯೊಂದು ಅಡ್ಡ ಬಿದ್ದು ಎರಡೂ ಕಡೆ ಗಾಡಿಗಳು ನಿಂತುಬಿಟ್ಟವು. ನಾಲ್ಕೈದು ತಾಸು. ಹೊರಗೆ ಕತ್ತಲೆ, ಮಳೆ, ಮುಂದಿನ ಬಸ್ಸಿನ ಕೆಂಪು ದೀಪ. ನಾನು ಅಪ್ಪನ ದಾರವನ್ನೇ ನೆನೆಯುತ್ತ ಕುಳಿತಿದ್ದೆ. ಮುನ್ನೂರು ಕಿಲೋಮೀಟರ್ ಸುದ್ದಾ ಇಲ್ಲ, ಗಿಣಿಯಾಗಿದ್ದರೆ ಯಾವಾಗಲೋ ಮುಟ್ಟುತ್ತಿದ್ದೆ. ಮನೆ ಮುಟ್ಟಿದಾಗ ಮರುದಿನ ಹನ್ನೊಂದು ದಾಟಿತ್ತು. ಅಪ್ಪ ಹಿಂದಿನ ಸಂಜೆಯೇ ಹೋಗಿಬಿಟ್ಟಿದ್ದರಂತೆ. ಊರ ಹಿರಿಯರು ಹತ್ತರವರೆಗೆ ಕಾದು, ಮಳೆ ಮತ್ತೆ ಬರುತ್ತದೆಂದು ಎಲ್ಲ ಮುಗಿಸಿದ್ದರು. ಅವ್ವ ನನ್ನನ್ನು ಹಿಡಿದುಕೊಂಡು ಅತ್ತಳೇ ಹೊರತು ತಡವಾಯಿತೆಂದು ಅಂದೂ ಅನ್ನಲಿಲ್ಲ, ಮುಂದೆಯೂ ಅನ್ನಲಿಲ್ಲ. ಅನ್ನದೆ ಇದ್ದುದರಿಂದಲೇ ಆ ಮಾತು ನನ್ನೊಳಗೆ ಉಳಿಯಿತು.

ಹಾಗಾಗಿ ವಿಮಾನದ ಮಾತು ಬಂದಾಗಲೆಲ್ಲ ನನ್ನ ಕಿವಿ ನೆಟ್ಟಗಾಗುತ್ತಿತ್ತು. 1998ರಲ್ಲಿ ಕೊಂಕಣ ರೈಲು ಪೂರ್ತಿಯಾದಾಗ ಊರೆಲ್ಲ ಸಂಭ್ರಮ. ಆದರೆ ಅದು ದಂಡೆ ಹಿಡಿದು ಮುಂಬೈ ಕಡೆಗೆ ಓಡುವ ರೈಲು, ಘಟ್ಟ ಹತ್ತಿ ನಮ್ಮ ಊರಿಗೆ ಬರುವುದಿಲ್ಲ. ಹುಬ್ಬಳ್ಳಿ-ಅಂಕೋಲಾ ರೈಲು ಮಾರ್ಗದ ಮಾತಂತೂ ಕೇಳುತ್ತ ಕೇಳುತ್ತ ನನ್ನ ತಲೆ ಬೆಳ್ಳಗಾಯಿತು. ನಡುವೆ ದಟ್ಟ ಕಾಡು. ಕಾಡು ಉಳಿಯಬೇಕೆನ್ನುವವರ ಮಾತಿನಲ್ಲಿಯೂ ಸತ್ಯವಿದೆ, ರೈಲು ಬೇಕೆನ್ನುವ ನಮ್ಮ ಸಂಕಟದಲ್ಲಿಯೂ ಇದೆ. ಉಳಿದದ್ದು ಆಕಾಶವೊಂದೇ.

ಮಂಗಳೂರಿನ ಬಜಪೆಯಲ್ಲಿ ವಿಮಾನ ನಿಲ್ದಾಣ ಶುರುವಾದದ್ದು 1951ರಲ್ಲಿ. ಆ ವರ್ಷದ ಡಿಸೆಂಬರ್ 25ರಂದು ನೆಹರೂ ಅವರೇ ಬಂದು ಇಳಿದಿದ್ದರು. ಹುಬ್ಬಳ್ಳಿಯ ಗೋಕುಲ ರಸ್ತೆಯ ನಿಲ್ದಾಣವೂ ಹಳೆಯದೇ. ಆದರೆ ಅದು ನಮ್ಮಂಥವರ ಬಳಕೆಗೆ ಬಂದದ್ದು 2017ರ ಡಿಸೆಂಬರಿನಲ್ಲಿ ಹೊಸ ಕಟ್ಟಡವಾದ ಮೇಲೆ. ಅದೇ ವರ್ಷ ಕೇಂದ್ರ ಸರಕಾರದ 'ಉಡಾನ್' ಯೋಜನೆಯ ವಿಮಾನಗಳೂ ಹಾರತೊಡಗಿದ್ದವು. ಸಣ್ಣ ಊರುಗಳ ನಡುವೆ ಒಂದು ತಾಸಿನ, ಅಂದರೆ ಸುಮಾರು 500 ಕಿಲೋಮೀಟರಿನ ಹಾರಾಟಕ್ಕೆ ಕೆಲವು ಸೀಟುಗಳನ್ನಾದರೂ 2,500 ರೂಪಾಯಿಗೆ ಕೊಡಬೇಕೆಂಬುದು ಅದರ ಆರಂಭದ ಲೆಕ್ಕ. ಪೇಪರಿನಲ್ಲಿ ಓದಿ, ಒಂದು ದಿನ ಮಂಗಳೂರು-ಹುಬ್ಬಳ್ಳಿಗೂ ಬಂದೀತೆಂದು ಕಾದೆ. 2022ರಲ್ಲಿ ನೇರ ವಿಮಾನ ಬಂದೇ ಬಂತು.

ಮಗ ಎಂಜಿನಿಯರು. ಟಿಕೇಟು ತೆಗೆದುಕೊಟ್ಟವನೇ ನನಗೆ ಲೆಕ್ಕವನ್ನೂ ಹೇಳಿದ. ಎರಡು ನಿಲ್ದಾಣಗಳ ನಡುವೆ ನೇರವಾಗಿ ಅಳೆದರೆ ಸುಮಾರು 270 ಕಿಲೋಮೀಟರ್. ಅಪ್ಪನ ದಾರ ಎಷ್ಟು ಕರಾರುವಾಕ್ಕಾಗಿತ್ತು ನೋಡಿ! ಎರಡು ಪಂಖದ, ಎಪ್ಪತ್ತು ಚಿಲ್ಲರೆ ಸೀಟಿನ ಆ ಸಣ್ಣ ವಿಮಾನ ತಾಸಿಗೆ 500 ಕಿಲೋಮೀಟರಿನ ಆಸುಪಾಸು ಹೋಗುತ್ತದೆ. "ಹಾಗಾದರೆ ಅರ್ಧ ತಾಸಿನ ದಾರಿ. ಟಿಕೇಟಿನ ಮೇಲೆ ಯಾಕೆ ಒಂದು ತಾಸಿನ ಮೇಲೆ ಬರೆದಿದ್ದಾರೆ?" ಎಂದು ಕೇಳಿದೆ. ಮಾಸ್ತರರ ಮಗಳಲ್ಲವೆ?

ಅವನು ಹೇಳಿದ: "ಅಮ್ಮಾ, ಟಿಕೇಟಿನ ಸಮಯ ಬರೀ ಆಕಾಶದಲ್ಲಿರುವ ಸಮಯ ಅಲ್ಲ. ನಿಂತ ಜಾಗದಿಂದ ಗಾಲಿ ಕದಲಿದಾಗಿನಿಂದ ಇನ್ನೊಂದು ಊರಿನಲ್ಲಿ ಗಾಲಿ ಪೂರ್ತಿ ನಿಲ್ಲುವವರೆಗೆ ಲೆಕ್ಕ. ನೆಲದ ಮೇಲೆ ನಿಧಾನಕ್ಕೆ ಓಡುವುದು, ಸರದಿಗೆ ಕಾಯುವುದು, ಮೇಲೇರುವುದು ಎಲ್ಲ ಅದರಲ್ಲೇ. ಏರುವಾಗ, ಇಳಿಯುವಾಗ ಪೂರ್ತಿ ವೇಗ ಇರುವುದಿಲ್ಲ. ಇಳಿಯುವಾಗ ಗಾಳಿಗೆ ಎದುರಾಗಿ ಇಳಿಯಬೇಕು, ಗಾಳಿ ಹಿಂದಿನಿಂದ ಬೀಸುತ್ತಿದ್ದರೆ ಒಂದು ಸುತ್ತು ಹಾಕಿ ಬರಬೇಕು. ಹತ್ತಿರದ ಊರಾದಷ್ಟೂ ಈ ಹತ್ತುವ ಇಳಿಯುವ ಪಾಲೇ ಹೆಚ್ಚು."

ಘಟ್ಟದ ಬಸ್ಸಿನ ಹಾಗೆಯೇ ಆಯಿತಲ್ಲ ಎಂದುಕೊಂಡೆ.

ಅವ್ವನಿಗೆ ಫೋನು ಮಾಡಿದಾಗ ಅವಳದು ಒಂದೇ ಕರಾರು. "ಹತ್ತೂ ಮುಂದ ಒಂದ ಫೋನು, ಇಳದ ಮ್ಯಾಲ ಒಂದ ಫೋನು." ಮಂಗಳೂರಿನ ನಿಲ್ದಾಣ ಗುಡ್ಡದ ನೆತ್ತಿ ಸವರಿ ಮಾಡಿದ್ದು, ಓಡುದಾರಿಯ ತುದಿಗಳಲ್ಲಿ ಕಣಿವೆ. 2010ರ ಮೇ 22ರ ಬೆಳಿಗ್ಗೆ ಅಲ್ಲಿ ವಿಮಾನವೊಂದು ಓಡುದಾರಿ ದಾಟಿ ಕೆಳಗೆ ಬಿದ್ದು 158 ಜನ ತೀರಿಕೊಂಡದ್ದನ್ನು ಅವ್ವ ಟಿವಿಯಲ್ಲಿ ನೋಡಿದವಳು, ಮರೆತವಳಲ್ಲ.

ಹತ್ತಿದೆ. ಕಿಟಕಿಯ ಸೀಟು. ಎಡಗಡೆ ಸಮುದ್ರ, ಕೆಳಗೆ ಒಂದಾದ ಮೇಲೊಂದು ನದಿ ಬಂದು ಸಮುದ್ರ ಸೇರುವುದು ಕಾಣುತ್ತಿತ್ತು. ಇಷ್ಟು ವರ್ಷ ರಾತ್ರಿಯ ಕತ್ತಲೆಯಲ್ಲಿ ಸೇತುವೆಯ ಸದ್ದಿನಿಂದ ಎಣಿಸಿದ ನದಿಗಳು! ಇದು ಶರಾವತಿಯೇ ಇರಬೇಕು ಎನ್ನುವಷ್ಟರಲ್ಲಿ ಮೋಡ. ಮೋಡ ಸರಿದಾಗ ಹಸಿರು ಕಾಡು, ಆಮೇಲೆ ಚೌಕ ಚೌಕ ಹೊಲಗಳು. ಗಡಿಯಾರ ನೋಡಿಕೊಂಡೇ ಕುಳಿತಿದ್ದೆ. ನೆಲ ಬಿಟ್ಟು ನೆಲ ಮುಟ್ಟುವವರೆಗೆ ನಲವತ್ತೈದು ನಿಮಿಷ. ಮಂಗಳೂರಿನ ಮನೆಯಿಂದ ಬಜಪೆಗೆ ಮುಕ್ಕಾಲು ತಾಸು, ಅಲ್ಲಿ ಎರಡು ತಾಸು ಮೊದಲೇ ಹೋಗಿ ಕೂರುವುದು, ಇತ್ತ ಹುಬ್ಬಳ್ಳಿಯಲ್ಲಿ ಪೆಟ್ಟಿಗೆಗಾಗಿ ಕಾಯುವುದು, ಅಲ್ಲಿಂದ ಧಾರವಾಡಕ್ಕೆ ಇಪ್ಪತ್ತು ಚಿಲ್ಲರೆ ಕಿಲೋಮೀಟರ್ ಕಾರು, ಎಲ್ಲ ಕೂಡಿಸಿದರೂ ಐದು ತಾಸಿನೊಳಗೆ ಅವ್ವನ ಮುಂದೆ ನಿಂತಿದ್ದೆ. ಸೀರೆಯ ನೆರಿಗೆ ಕೂಡ ಮುದುಡಿರಲಿಲ್ಲ. ಅವ್ವ ನನ್ನನ್ನು ಮೇಲಿಂದ ಕೆಳಗೆ ನೋಡಿ, "ದಣದೇ ಇಲ್ಲಲ್ಲ ನೀ!" ಎಂದಳು. ಸಂತೋಷವೋ ಅನುಮಾನವೋ ತಿಳಿಯಲಿಲ್ಲ.

ಮೂರನೆಯ ದಿನ ತಿರುಗಿ ಹೊರಟೆ. ಟಿಕೇಟು ಎರಡೂ ಕಡೆಯದು ಒಟ್ಟಿಗೇ ತೆಗೆದಾಗಿತ್ತು. ಅವ್ವನ ಉಪ್ಪಿನಕಾಯಿ ಭರಣಿಯನ್ನು ಕೈಚೀಲದಲ್ಲಿ ಒಳಗೆ ಬಿಡುವುದಿಲ್ಲವೆಂದು ಹೇಳಿದಾಗ ಅವಳಿಗೆ ಸಿಟ್ಟು. "ಉಪ್ಪಿನಕಾಯಿ ಒಲ್ಲೆನ್ನೂ ಗಾಡಿ ಎಂಥಾದ್ದವಾ ಅದು?" ಬುತ್ತಿ ಕಟ್ಟಲು ಹೋದವಳು ಅರ್ಧಕ್ಕೇ ನಿಂತಳು. ಮಧ್ಯಾಹ್ನ ಉಂಡು ಹೊರಟರೆ ರಾತ್ರಿಯ ಊಟ ಮಂಗಳೂರಿನ ಮನೆಯಲ್ಲಿ. ನಡುವೆ ಊಟದ ಹೊತ್ತೇ ಇಲ್ಲ. ಬುತ್ತಿ ಯಾರಿಗೆ?

ಆ ವರ್ಷವೇ ಇನ್ನೊಮ್ಮೆ ಹೋದೆ. ಆ ಸಲ ಎರಡೇ ದಿನ. "ಒಂದು ತಾಸಿನ ದಾರಿಯಲ್ಲವೆ, ಯಾವಾಗ ಬೇಕಾದರೂ ಬಂದೇನು" ಎಂದು ಎಲ್ಲರಿಗೂ ಹೇಳುತ್ತಿದ್ದೆ. ಹೊರಡುವ ಮುಂಜಾನೆ ಚಹಾ ಕೊಡುತ್ತ ಅವ್ವ ತಣ್ಣಗೆ ಒಂದು ಮಾತು ಹೇಳಿದಳು.

"ಹನ್ನೊಂದ ತಾಸಿನ ಹಾದಿ ಇದ್ದಾಗ ಹದಿನೈದ ದಿನಾ ಇರತಿದ್ದಿ. ಒಂದ ತಾಸಿನ ಹಾದಿ ಆತು, ಎರಡ ದಿನಕ್ಕ ಬಂತು. ಇನ್ನ ಹಾದಿ ಸಣ್ಣದಾದ್ರ ಬಾಗಲದಾಗ ನಿಂತ ಹೋಗತೀ ಏನ?"

ನಕ್ಕುಬಿಟ್ಟೆ. ಅವಳೂ ನಕ್ಕಳು. ಆದರೆ ಇಳಿವಯಸ್ಸಿನವರ ನಗೆಯ ಮಾತುಗಳಲ್ಲಿ ಅರ್ಧ ಮಾತ್ರ ನಗೆ ಇರುತ್ತದೆ. ಆ ಎರಡು ದಿನಗಳಲ್ಲಿ ನಾವು ಏನು ಮಾತಾಡಿದೆವು? ಆರಾಮ ಇದ್ದೀ, ಆರಾಮ ಇದ್ದೀನಿ. ನಾಲ್ಕನೆಯ ದಿನದ ಮಾತು ಬರಬೇಕಾದರೆ ನಾಲ್ಕನೆಯ ದಿನ ಬರಬೇಕಲ್ಲ.

ಇದಕ್ಕಿಂತ ದೊಡ್ಡ ತಪ್ಪು ಮುಂದೆ ಮಾಡಿದೆ. ಮತ್ತೆ ಹೊರಡಬೇಕೆಂದು ನೋಡಿದಾಗ ನನಗೆ ಬೇಕಾದ ದಿನಗಳಲ್ಲಿ ನೇರ ವಿಮಾನ ಇರಲಿಲ್ಲ. ಸಣ್ಣ ಹಾರಾಟಗಳ ಹಣೆಬರಹವೇ ಹಾಗಂತೆ. ಏರುವಾಗಲೇ ಎಣ್ಣೆ ಹೆಚ್ಚು ಸುಡುತ್ತದೆ, ನಿಲ್ದಾಣದ ಖರ್ಚು ದೂರದ ಹಾರಾಟದಷ್ಟೇ ಬರುತ್ತದೆ, ಸೀಟು ಖಾಲಿ ಉಳಿದರೆ ಬೇಗ ನಿಂತುಹೋಗುತ್ತದೆ. ಸರಿ, ನೇರ ವಿಮಾನ ಇಲ್ಲದಿದ್ದರೇನು? ಬಸ್ಸು ಇತ್ತಲ್ಲ. ಪ್ರತಿ ರಾತ್ರಿಯೂ ಇತ್ತು. ಈಗಿನ ಬಸ್ಸುಗಳಲ್ಲಿ ಮಲಗಿಕೊಂಡು ಹೋಗಬಹುದು. ಕಿಟಕಿಗಳೂ ಮುಚ್ಚುತ್ತವೆ! ಮೂವತ್ತು ವರ್ಷ ಮಗುವನ್ನು ಮಡಿಲಲ್ಲಿ ಹಾಕಿಕೊಂಡು ಹೋದವಳಿಗೆ ಈಗ ಬಸ್ಸು ದೂರವಾಯಿತು. ಸೊಂಟ ನೋವು ಎಂದೆ, ಮಳೆ ಎಂದೆ, ಮೊಮ್ಮಗುವಿನ ಹುಟ್ಟುಹಬ್ಬ ಎಂದೆ. "ಮತ್ತ ನೇರ ವಿಮಾನ ಬರಲೆವ್ವಾ, ತಟ್ಟನ ಬರ್ತೀನಿ" ಎಂದು ಫೋನಿನಲ್ಲಿ ಹೇಳುತ್ತ ಹೇಳುತ್ತ ಒಂದೂವರೆ ವರ್ಷ ಕಳೆದೆ. ಒಂದು ತಾಸಿನ ರುಚಿ ಕಂಡ ಮೇಲೆ ಹನ್ನೊಂದು ತಾಸು ಸೇರದಾಯಿತು. ವಿಮಾನ ನನ್ನ ತವರನ್ನು ಹತ್ತಿರ ತಂದದ್ದು ಕೆಲವೇ ತಿಂಗಳು. ಆಮೇಲೆ ಅದು ಬಸ್ಸಿನ ಕಾಲದಲ್ಲಿದ್ದುದಕ್ಕಿಂತ ದೂರ ಹೋಗಿ ಕುಳಿತಿತು. ಹಾಗೆ ದೂರ ಮಾಡಿದವಳು ನಾನೇ.

2024ರ ಜುಲೈ ಬಂತು. ಕರಾವಳಿಯಲ್ಲಿ ಅಂಥ ಮಳೆ. 16ರ ಬೆಳಿಗ್ಗೆ ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿಯ ಮೇಲೆ ಬಿತ್ತು. ರಸ್ತೆಬದಿಯ ಚಹಾದಂಗಡಿ, ಅಲ್ಲಿ ನಿಂತಿದ್ದ ವಾಹನಗಳು, ಜನ ಎಲ್ಲ ಮಣ್ಣಿನಡಿ ಮತ್ತು ಗಂಗಾವಳಿಯ ಪಾಲು. ಎಷ್ಟೋ ಸಲ ನಮ್ಮ ಬಸ್ಸು ಹಾದುಹೋದ ಜಾಗ. ಟಿವಿಯಲ್ಲಿ ಆ ಕೆಂಪು ಮಣ್ಣನ್ನು ನೋಡುತ್ತ ಯಾರ ಯಾರ ಮನೆಯವರೋ ಎಂದು ಮರುಗುತ್ತಿದ್ದೆ. ಹೆದ್ದಾರಿ ಬಂದಾಗಿತ್ತು. ಮೂರು ದಿನ ಬಿಟ್ಟು ರಾತ್ರಿ ಹತ್ತಕ್ಕೆ ತಮ್ಮನ ಫೋನು.

"ಅಕ್ಕಾ, ಅವ್ವಗ ಉಸರಾಟದ ತ್ರಾಸ ಆಗೇತಿ. ದವಾಖಾನಿಗೆ ಹಾಕೇವಿ. ನ್ಯುಮೋನಿಯಾ ಅಂತಾರ. ಬರಾಕ ಆಕ್ಕೈತೇನ ನೋಡು."

1996ರ ಮಳೆ ಮತ್ತೆ ಹೊರಗೆ ಸುರಿಯುತ್ತಿತ್ತು. ಬಸ್ಸಿನ ದಾರಿ ಮುಚ್ಚಿದೆ. ಬೇರೆ ಘಟ್ಟಗಳಿದ್ದರೂ ಆ ಮಳೆಯ ರಾತ್ರಿಯಲ್ಲಿ ಯಾವ ಘಟ್ಟವನ್ನು ನಂಬುವುದು? ಮಗ ಕಂಪ್ಯೂಟರಿನ ಮುಂದೆ ಕುಳಿತು ಹುಡುಕಿದ. ಬೆಂಗಳೂರಿಗೆ ಹೋಗಿ ಅಲ್ಲಿಂದ ಹುಬ್ಬಳ್ಳಿಗೆ. ಬೇರೆ ದಾರಿಯಿಲ್ಲ.

ಬೆಳಗಿನ ಐದಕ್ಕೆ ಮನೆ ಬಿಟ್ಟೆ. ಬಜಪೆಯಲ್ಲಿ ಗುಡ್ಡದ ಮೇಲೆಲ್ಲ ಮಂಜು ಕವಿದು ಓಡುದಾರಿಯೇ ಕಾಣುತ್ತಿರಲಿಲ್ಲ. ಏಳೂವರೆಯ ವಿಮಾನ ಒಂಬತ್ತಕ್ಕೆ ಎದ್ದಿತು. ಕಿಟಕಿಯಲ್ಲಿ ಈ ಸಲ ಸಮುದ್ರವೂ ಇಲ್ಲ, ನದಿಯೂ ಇಲ್ಲ. ಉತ್ತರಕ್ಕೆ ಹೋಗಬೇಕಾದವಳು ಪೂರ್ವಕ್ಕೆ ಹೋಗುತ್ತಿದ್ದೆ. ನಿಮಿಷ ಕಳೆದಂತೆಲ್ಲ ಅವ್ವ ಇನ್ನಷ್ಟು ದೂರವಾಗುತ್ತಿದ್ದಳು. ಮಂಗಳೂರಿನಿಂದ ಬೆಂಗಳೂರಿಗೆ ಸುಮಾರು 300 ಕಿಲೋಮೀಟರ್, ಬೆಂಗಳೂರಿನಿಂದ ಹುಬ್ಬಳ್ಳಿಗೆ ಸುಮಾರು 370. 270ರ ದಾರಿಗೆ 670. ತ್ರಿಕೋನದ ಎರಡು ಬದಿ ಕೂಡಿಸಿದರೆ ಮೂರನೆಯದಕ್ಕಿಂತ ಉದ್ದವೇ ಇರುತ್ತದೆಂದು ಅಪ್ಪ ಪಾಟಿಯ ಮೇಲೆ ಬರೆದು ತೋರಿಸಿದ್ದರು. ಅಂದು ಬಾಯಿಪಾಠ ಮಾಡಿದ್ದೆ, ಇಂದು ಅರ್ಥವಾಯಿತು.

ಬೆಂಗಳೂರು ಮುಟ್ಟಿದಾಗ ಹತ್ತು ದಾಟಿತ್ತು. ಹುಬ್ಬಳ್ಳಿಯ ಮುಂದಿನ ವಿಮಾನ ಎರಡಕ್ಕೆ. ಆ ಹೊಳೆಯುವ ನೆಲದ ಮೇಲೆ, ತಂಪು ಗಾಳಿಯಲ್ಲಿ ನಾಲ್ಕು ತಾಸು ಕುಳಿತೆ. ಅರಬೈಲ್ ಘಟ್ಟದಲ್ಲಿ ನಿಂತ ಬಸ್ಸಿನಲ್ಲಿ ಕುಳಿತ ಹಾಗೆಯೇ. ಅಲ್ಲಿ ಮುಂದಿನ ಸೀಟಿನ ಮುದುಕಿ ನನ್ನ ಬೆನ್ನು ಸವರಿದ್ದಳು, ಇಲ್ಲಿ ಎಲ್ಲರ ಕಿವಿಯಲ್ಲಿಯೂ ವೈರು. ತಮ್ಮನಿಗೆ ಅರ್ಧ ತಾಸಿಗೊಮ್ಮೆ ಫೋನು. "ಹಂಗ ಅದಾಳ ಅಕ್ಕಾ, ಆಕ್ಸಿಜನ್ ಹಚ್ಚ್ಯಾರ" ಎಂಬ ಒಂದೇ ಉತ್ತರ. ದೇವರೇ, ಇನ್ನೊಮ್ಮೆ ನನ್ನನ್ನು ತಡಮಾಡಬೇಡ ಎಂದು ಮನಸ್ಸಿನಲ್ಲೇ ಬೇಡಿಕೊಂಡೆ. ಬೇಡಿಕೊಳ್ಳುವಾಗಲೇ ಒಳಗಿನಿಂದ ಒಂದು ದನಿ ಕೇಳಿತು. ಇಂದಿನ ನಾಲ್ಕು ತಾಸಿನ ತಡಕ್ಕೆ ಮಳೆಯನ್ನೂ ವಿಮಾನವನ್ನೂ ದೂರು. ಒಂದೂವರೆ ವರ್ಷದ ತಡಕ್ಕೆ ಯಾರನ್ನು ದೂರುತ್ತೀ?

ಮೂರೂಕಾಲಿಗೆ ಹುಬ್ಬಳ್ಳಿ. ನಾಲ್ಕೂಕಾಲಿಗೆ ಧಾರವಾಡದ ದವಾಖಾನೆಯ ಬಾಗಿಲು. ತಮ್ಮನ ಹೆಂಡತಿ ಹೊರಗೇ ನಿಂತಿದ್ದಳು. "ಬರ್ರಿ ಅಕ್ಕಾರ, ಎಚ್ಚರದಾಗ ಅದಾರ" ಎಂದಳು. ಆಮೇಲೆಯೇ ನನಗೆ ಉಸಿರು ಬಂದದ್ದು. ಗಡಿಯಾರ ನೋಡಿಕೊಂಡೆ. ಮನೆ ಬಿಟ್ಟು ಹನ್ನೊಂದೂಕಾಲು ತಾಸು. 1988ರ ಕೆಂಪು ಬಸ್ಸು ತೆಗೆದುಕೊಳ್ಳುತ್ತಿದ್ದುದೂ ಹೆಚ್ಚುಕಡಿಮೆ ಅಷ್ಟೇ!

ಅವ್ವ ಮೂಗಿನ ನಳಿಕೆಯ ನಡುವೆಯೇ ನನ್ನನ್ನು ನೋಡಿದಳು. ನನ್ನ ಕೂದಲು ಕೆದರಿತ್ತು, ಸೀರೆ ಮುದುಡಿತ್ತು, ಬೆಳಗಿನಿಂದ ಹೊಟ್ಟೆಗೆ ಏನೂ ಇರಲಿಲ್ಲ. ಸಣ್ಣ ದನಿಯಲ್ಲಿ, "ಭಾಳ ದಣದೀ" ಎಂದಳು. ಅವಳ ಕಣ್ಣಿನಲ್ಲಿ ಎಂಥದೋ ತೃಪ್ತಿ. ಮಗಳು ದಣಿದು ಬಂದರೆ ಮಾತ್ರ ದೂರದಿಂದ ಬಂದ ಲೆಕ್ಕವೇನೋ ಅವಳಿಗೆ.

ಒಂಬತ್ತು ದಿನ ದವಾಖಾನೆ. ಆಮೇಲೆ ಮನೆ. ನಾನು ತಿರುಗಿ ಹೋಗುವ ಟಿಕೇಟು ತೆಗೆದಿರಲೇ ಇಲ್ಲ. ಶ್ರಾವಣ ಪೂರ್ತಿ ಅಲ್ಲೇ ಕಳೆದೆ. ಮಂಗಳೂರಿನಲ್ಲಿ ನಮ್ಮವರು ಅನ್ನ ಸಾರು ಮಾಡಿಕೊಳ್ಳಲು ಕಲಿತರು. ಅರವತ್ತೈದಕ್ಕಾದರೂ ಕಲಿತರಲ್ಲ! ಅವ್ವನಿಗೆ ಶಕ್ತಿ ಬಂದ ಹಾಗೆ ನನ್ನ ಪಕ್ಕದಲ್ಲಿ ಕುಳಿತು ಮೆಂತ್ಯಸೊಪ್ಪು ಬಿಡಿಸತೊಡಗಿದಳು. ಒಂದು ಮಧ್ಯಾಹ್ನ, ಕೇಳದೆಯೇ ಅಪ್ಪನ ಕೊನೆಯ ದಿನದ ಮಾತು ತೆಗೆದಳು. ಇಪ್ಪತ್ತೆಂಟು ವರ್ಷ ಆಡದ ಮಾತು.

"ಅವತ್ತ ನಿಮ್ಮಪ್ಪ ಸಂಜಿಮುಂದ ಕೇಳಿದ್ರು, ಮಗಳು ಎಲ್ಲಿ ಮಟಾ ಬಂದಾಳ ಅಂತ. ಬಸ್ಸು ಹತ್ಯಾಳ ಅಂತ ಹೇಳಿದೆ. ಹಂಗಾರ ಬಂದಂಗ ಆತು ಅಂದ್ರು. ಆ ಮ್ಯಾಲ ಮಾತಾಡಲಿಲ್ಲ."

ನಾನು ಸೊಪ್ಪು ಬಿಡಿಸುವುದನ್ನು ನಿಲ್ಲಿಸಲಿಲ್ಲ. ನಿಲ್ಲಿಸಿದ್ದರೆ ಅವಳೂ ಮಾತು ನಿಲ್ಲಿಸುತ್ತಿದ್ದಳು. ತಡವಾಗಿ ಬಂದವಳೆಂಬ ಭಾರವನ್ನು ಇಷ್ಟು ವರ್ಷ ಹೊತ್ತುಕೊಂಡಿದ್ದೆ. ಇಳಿಸಬಲ್ಲ ಮಾತು ಅವಳ ಹತ್ತಿರವೇ ಇತ್ತು. ಎರಡು ದಿನದ ಭೇಟಿಯಲ್ಲಿ ಅದು ಹೊರಗೆ ಬರುವ ಮಾತಲ್ಲ.

ನೀವೂ ನನ್ನ ಹಾಗೆ ಕೊಟ್ಟ ಊರಿನಲ್ಲಿ ಕುಳಿತು ತವರಿನ ದೂರವನ್ನು ಅಳೆಯುವವರಿರಬಹುದು. ಬಸ್ಸಿನಲ್ಲಿ ಇಷ್ಟು, ರೈಲಿನಲ್ಲಿ ಇಷ್ಟು, ವಿಮಾನದಲ್ಲಿ ಇಷ್ಟು ಎಂದು. ವಿಮಾನವನ್ನು ನಾನು ಬಯ್ಯಲಾರೆ. ಅದು ಇಲ್ಲದಿದ್ದರೆ ಆ ಜುಲೈನಲ್ಲಿ ಅವ್ವನ ಮುಖವನ್ನು ಅಂದೇ ಕಾಣುತ್ತಿರಲಿಲ್ಲ. ಆದರೆ ಅದು ಉಳಿಸಿಕೊಟ್ಟ ತಾಸುಗಳನ್ನು ನಾನು ಅವ್ವನಿಗೆ ಕೊಡಲಿಲ್ಲ. ಅವೂ ನನ್ನ ಗಂಟಿಗೇ ಸೇರಿದವು. ಈಗ ಒಂದು ನಿಯಮ ಮಾಡಿಕೊಂಡಿದ್ದೇನೆ. ಹೋಗುವುದು ಹೇಗಾದರೂ ಸರಿ. ಬರುವ ಟಿಕೇಟನ್ನು ಮಾತ್ರ ಮೊದಲೇ ತೆಗೆಯುವುದಿಲ್ಲ.

ಕಳೆದ ಸಲ ರಾತ್ರಿಯ ಬಸ್ಸಿಗೇ ಹೋದೆ. ಶಿರೂರಿನ ಹತ್ತಿರ ಬಂದಾಗ ಎಚ್ಚರವಿದ್ದು ಕತ್ತಲೆಗೆ ಕೈ ಮುಗಿದೆ. ಘಟ್ಟ ಹತ್ತುವಾಗ ಅಪ್ಪನ ನೆನಪಾಯಿತು, ಆದರೆ ಎದೆ ಮೊದಲಿನಷ್ಟು ಭಾರವಾಗಲಿಲ್ಲ. ಹೊರಡುವ ಮೊದಲು ಅವ್ವನಿಗೆ ಫೋನು ಮಾಡಿ, "ವಿಮಾನದಾಗ ಬರಲೋ, ಬಸ್ಸಿಗೆ ಬರಲೋ?" ಎಂದು ಕೇಳಿದ್ದೆ.

"ಹೆಂಗರೆ ಬಾರವಾ" ಎಂದಿದ್ದಳು. "ಹೋಗೂದು ಯಾವಾಗ ಅನ್ನೂದನ್ನ ಮಾತ್ರ ಬಂದ ದಿನಾನ ಹೇಳಬ್ಯಾಡ."